ಜೋಡಿ ಪೆರೋವ್‌ಸ್ಕೈಟ್ ಆಕ್ಸೈಡ್‌ಗಳ ವಿದ್ಯುತ್ ಗುಣಗಳು

ಜೋಡಿ ಪೆರೋವ್‌ಸ್ಕೈಟ್ ಆಕ್ಸೈಡ್‌ಗಳು ಎಂದರೆ ಪೆರೋವ್‌ಸ್ಕೈಟ್ ಎಂಬ ಖನಿಜದ ಸ್ಫಟಿಕ ರಚನೆಯನ್ನು ತಳಹದಿಯಾಗಿ ಉಳ್ಳ, ಆದರೆ ಆ ರಚನೆಯ ಒಂದು ಸ್ಥಾನದಲ್ಲಿ ಒಂದೇ ಲೋಹದ ಬದಲು ಎರಡು ಲೋಹಗಳು ಒಂದನ್ನು ಬಿಟ್ಟು ಒಂದರಂತೆ ಕುಳಿತಿರುವ ಅಜೈವಿಕ ಸಂಯುಕ್ತಗಳು. ಇವುಗಳ ಸಾಮಾನ್ಯ ಸೂತ್ರ ಎ₂ಬಿಬಿ′ಓ₆. ಇದರಲ್ಲಿ ಎ ಎಂಬುದು ಸ್ಟ್ರಾನ್ಷಿಯಂ, ಬೇರಿಯಂ, ಲ್ಯಾಂಥನಂ ಮುಂತಾದ ದೊಡ್ಡ ಗಾತ್ರದ ಧನ ಅಯಾನು. ಬಿ ಮತ್ತು ಬಿ′ ಎಂಬುವು ಕಬ್ಬಿಣ, ಮಾಲಿಬ್ಡಿನಂ, ನಿಕಲ್, ಮ್ಯಾಂಗನೀಸ್, ಟಂಗ್‌ಸ್ಟನ್ ಮುಂತಾದ ಸಣ್ಣ ಗಾತ್ರದ ಧನ ಅಯಾನುಗಳು. ಓ ಎಂಬುದು ಆಮ್ಲಜನಕ. ಆವರ್ತ ಕೋಷ್ಟಕದ ಬಹುಪಾಲು ಲೋಹಗಳು ಈ ರಚನೆಯೊಳಗೆ ಎಲ್ಲಿಯಾದರೂ ಹೊಂದಿಕೊಳ್ಳುತ್ತವೆ. ಆದುದರಿಂದ ಈ ಒಂದೇ ಕುಟುಂಬದಲ್ಲಿ ಅವಾಹಕಗಳು, ಅರೆವಾಹಕಗಳು, ಲೋಹದಂತೆ ವಿದ್ಯುತ್ ಹರಿಸುವ ವಸ್ತುಗಳು, ಆಮ್ಲಜನಕದ ಅಯಾನನ್ನೇ ಸಾಗಿಸುವ ವಸ್ತುಗಳು ಎಲ್ಲವೂ ದೊರೆಯುತ್ತವೆ. ಸೂತ್ರವನ್ನು ಬದಲಿಸದೆ ಕೇವಲ ಅಯಾನುಗಳ ಜೋಡಣೆಯ ಕ್ರಮ ಕೆಟ್ಟರೂ ವಸ್ತುವಿನ ವಿದ್ಯುತ್ ಗುಣ ಬೇರೆಯಾಗುವುದು ಈ ಕುಟುಂಬದ ವೈಶಿಷ್ಟ್ಯ.

ಹೆಸರಿನ ಹಿನ್ನೆಲೆ

ಜರ್ಮನಿಯ ಖನಿಜಶಾಸ್ತ್ರಜ್ಞ ಗುಸ್ತಾವ್ ರೋಸ್ 1839ರಲ್ಲಿ ರಷ್ಯದ ಉರಲ್ ಪರ್ವತಪ್ರದೇಶದಿಂದ ಬಂದ ಕ್ಯಾಲ್ಸಿಯಂ ಟೈಟನೇಟ್ ಖನಿಜವನ್ನು ವಿವರಿಸಿ, ಅದಕ್ಕೆ ರಷ್ಯದ ಅಧಿಕಾರಿಯೂ ಖನಿಜ ಸಂಗ್ರಾಹಕನೂ ಆಗಿದ್ದ ಲೆವ್ ಪೆರೋವ್‌ಸ್ಕಿಯ ಹೆಸರನ್ನಿಟ್ಟನು. ಕಾಲಕ್ರಮದಲ್ಲಿ ಅದೇ ಬಗೆಯ ರಚನೆಯುಳ್ಳ ಎಲ್ಲ ಸಂಯುಕ್ತಗಳಿಗೂ ಈ ಹೆಸರು ನಿಂತಿತು. ಈಚಿನ ವರ್ಷಗಳಲ್ಲಿ ಸೌರಕೋಶಗಳ ಸುದ್ದಿಯಲ್ಲಿ ಕೇಳಿಬರುವ ಪೆರೋವ್‌ಸ್ಕೈಟ್‌ಗಳು ಹೆಚ್ಚಾಗಿ ಅಯೋಡಿನ್, ಬ್ರೋಮಿನ್‌ಗಳಂತಹ ಹ್ಯಾಲೊಜೆನ್‌ಗಳಿಂದ ಆದವು. ಅವುಗಳಲ್ಲಿಯೂ ಜೋಡಿ ಪೆರೋವ್‌ಸ್ಕೈಟ್‌ಗಳಿವೆ. ಸೀಸಿಯಂ, ಬೆಳ್ಳಿ, ಬಿಸ್ಮತ್ ಮತ್ತು ಬ್ರೋಮಿನ್ ಸೇರಿದ ಸಂಯುಕ್ತ ಅದಕ್ಕೆ ಉದಾಹರಣೆ. ಹೆಸರು ಒಂದೇ ಆದರೂ ಅವುಗಳ ಬಾಳಿಕೆ, ತಯಾರಿಕೆ, ವರ್ತನೆ ಎಲ್ಲವೂ ಬೇರೆ. ಪ್ರಸ್ತುತ ಲೇಖನ ಆಕ್ಸೈಡ್‌ಗಳಿಗೆ ಮಾತ್ರ ಸಂಬಂಧಿಸಿದೆ.

ರಚನೆ

ಸಾಮಾನ್ಯ ಪೆರೋವ್‌ಸ್ಕೈಟ್‌ನಲ್ಲಿ ಬಿ ಅಯಾನಿನ ಸುತ್ತ ಆರು ಆಮ್ಲಜನಕ ಅಯಾನುಗಳು ಇದ್ದು ಒಂದು ಅಷ್ಟಮುಖಿಯನ್ನು ರೂಪಿಸುತ್ತವೆ. ಈ ಅಷ್ಟಮುಖಿಗಳು ತಮ್ಮ ಮೂಲೆಗಳನ್ನು ಪರಸ್ಪರ ಹಂಚಿಕೊಂಡು ಮೂರು ಆಯಾಮಗಳಲ್ಲಿಯೂ ಹರಡಿಕೊಳ್ಳುತ್ತವೆ. ಅವುಗಳ ನಡುವೆ ಉಳಿಯುವ ದೊಡ್ಡ ಪೊಳ್ಳುಗಳಲ್ಲಿ ಎ ಅಯಾನುಗಳು ನೆಲೆಸುತ್ತವೆ.

ಜೋಡಿ ಪೆರೋವ್‌ಸ್ಕೈಟ್‌ನ ಅತ್ಯಂತ ಸಾಮಾನ್ಯ ರೂಪದಲ್ಲಿ ಬಿ ಮತ್ತು ಬಿ′ ಅಷ್ಟಮುಖಿಗಳು ಚದುರಂಗದ ಮಣೆಯ ಕಪ್ಪು ಬಿಳಿ ಮನೆಗಳಂತೆ ಒಂದರ ಪಕ್ಕ ಒಂದು ಬರುತ್ತವೆ. ಚದುರಂಗದ ಮಣೆ ಚಪ್ಪಟೆಯಾದುದು. ಇಲ್ಲಿ ಅದೇ ವಿನ್ಯಾಸ ಮೇಲೆ ಕೆಳಗೆ ಕೂಡ ಮುಂದುವರಿಯುತ್ತದೆ. ಅಡಿಗೆ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಅಯಾನುಗಳು ಜೋಡಣೆಯಾಗಿರುವ ಕ್ರಮವೂ ಇದೇ ಆದುದರಿಂದ ಇದನ್ನು ಕಲ್ಲುಪ್ಪಿನ ಕ್ರಮ ಎನ್ನುತ್ತಾರೆ. ಇಂತಹ ಕ್ರಮದಿಂದ ಸ್ಫಟಿಕದ ಆವರ್ತನೆಯ ದೂರ ಎರಡು ಪಟ್ಟಾಗುತ್ತದೆ. ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಸಾಮಾನ್ಯ ಪೆರೋವ್‌ಸ್ಕೈಟ್‌ನಲ್ಲಿ ಕಾಣದ ಕೆಲವು ಹೆಚ್ಚುವರಿ ರೇಖೆಗಳು ಕಾಣಿಸುವುದು ಈ ಕಾರಣದಿಂದಲೇ. ಆ ರೇಖೆಗಳ ತೀವ್ರತೆಯಿಂದ ಕ್ರಮ ಎಷ್ಟರ ಮಟ್ಟಿಗೆ ಇದೆ ಎಂಬುದನ್ನು ಅಂದಾಜು ಮಾಡಬಹುದು.

ಎರಡು ಲೋಹಗಳು ಹೀಗೆ ಶಿಸ್ತಾಗಿ ಕುಳಿತುಕೊಳ್ಳಬೇಕಾದರೆ ಅವುಗಳ ನಡುವೆ ಸಾಕಷ್ಟು ಭೇದ ಇರಬೇಕು. ಮುಖ್ಯವಾದ ಭೇದ ವಿದ್ಯುದಾವೇಶದ್ದು. ಒಂದು ಲೋಹ 2 ಧನಾವೇಶವನ್ನೂ ಮತ್ತೊಂದು 6 ಧನಾವೇಶವನ್ನೂ ಹೊಂದಿದ್ದರೆ ಹೆಚ್ಚು ಆವೇಶದ ಅಯಾನುಗಳು ಪರಸ್ಪರ ವಿಕರ್ಷಿಸಿ ದೂರ ಸರಿಯುತ್ತವೆ. ಕ್ರಮ ತಾನಾಗಿ ಒದಗುತ್ತದೆ. ವ್ಯತ್ಯಾಸ 2ಕ್ಕಿಂತ ಹೆಚ್ಚಿದ್ದರೆ ಬಹುತೇಕ ಪೂರ್ಣ ಕ್ರಮ, 2ಕ್ಕಿಂತ ಕಡಿಮೆ ಇದ್ದರೆ ಹೆಚ್ಚಾಗಿ ಅಕ್ರಮ, ಸರಿಯಾಗಿ 2 ಇದ್ದರೆ ಅನಿಶ್ಚಿತ ಎಂಬುದು ಒರಟಾದ ನಿಯಮ. ಗಾತ್ರದ ವ್ಯತ್ಯಾಸವೂ ಇದಕ್ಕೆ ನೆರವಾಗುತ್ತದೆ. ಬಿ ಕೂರಬೇಕಾದಲ್ಲಿ ಬಿ′, ಬಿ′ ಕೂರಬೇಕಾದಲ್ಲಿ ಬಿ ಕುಳಿತರೆ ಅದನ್ನು ಸ್ಥಾನಪಲ್ಲಟ ದೋಷ ಎನ್ನಬಹುದು. ಮುಂದೆ ಕಾಣುವಂತೆ ಈ ಕುಟುಂಬದ ಕಥೆಯಲ್ಲಿ ಈ ದೋಷದ ಪಾತ್ರ ದೊಡ್ಡದು.

ರಚನೆ ಎಷ್ಟು ನೆಟ್ಟಗಿರುತ್ತದೆ ಎಂಬುದನ್ನು ಗೋಲ್ಡ್‌ಶ್ಮಿಟ್ 1926ರಲ್ಲಿ ಸೂಚಿಸಿದ ಸಹಿಷ್ಣುತಾ ಅಂಶದಿಂದ ಊಹಿಸುತ್ತಾರೆ. ಎ ಮತ್ತು ಆಮ್ಲಜನಕಗಳ ತ್ರಿಜ್ಯಗಳ ಮೊತ್ತವನ್ನು, ಬಿ ಮತ್ತು ಆಮ್ಲಜನಕಗಳ ತ್ರಿಜ್ಯಗಳ ಮೊತ್ತವನ್ನು 2ರ ವರ್ಗಮೂಲದಿಂದ ಗುಣಿಸಿದ ಮೊಬಲಗಿನಿಂದ ಭಾಗಿಸಿದರೆ ಅದು ದೊರೆಯುತ್ತದೆ. ಜೋಡಿ ಪೆರೋವ್‌ಸ್ಕೈಟ್‌ನಲ್ಲಿ ಬಿ ಮತ್ತು ಬಿ′ ತ್ರಿಜ್ಯಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು. ಉತ್ತರ 1ರ ಹತ್ತಿರ ಇದ್ದರೆ ರಚನೆ ಘನಾಕೃತಿಗೆ ಸಮೀಪ. ಸ್ಟ್ರಾನ್ಷಿಯಂ–ಕಬ್ಬಿಣ–ಮಾಲಿಬ್ಡಿನಂ ಆಕ್ಸೈಡ್‌ಗೆ ಇದು ಸುಮಾರು 0.99, ಲ್ಯಾಂಥನಂ–ನಿಕಲ್–ಮ್ಯಾಂಗನೀಸ್ ಆಕ್ಸೈಡ್‌ಗೆ ಸುಮಾರು 0.97. ಅಂಶ 1ಕ್ಕಿಂತ ಕೆಳಗಿಳಿದಂತೆ ಅಷ್ಟಮುಖಿಗಳು ವಾಲುತ್ತವೆ. ಲೋಹ–ಆಮ್ಲಜನಕ–ಲೋಹ ಕೋನ 180 ಡಿಗ್ರಿಯಿಂದ ಕಡಿಮೆಯಾಗುತ್ತದೆ. ಎಲೆಕ್ಟ್ರಾನುಗಳು ಒಂದು ಲೋಹದಿಂದ ಇನ್ನೊಂದಕ್ಕೆ ದಾಟುವುದು ನಡುವಿನ ಆಮ್ಲಜನಕದ ಮೂಲಕವೇ ಆದುದರಿಂದ ಈ ಬಾಗುವಿಕೆ ವಾಹಕತೆಯನ್ನು ಕುಗ್ಗಿಸುತ್ತದೆ.

ವಿದ್ಯುತ್ ಹರಿಯುವ ಬಗೆ

ಇಂತಹ ಆಕ್ಸೈಡ್‌ಗಳಲ್ಲಿ ತುಂಬಿದ ವೇಲೆನ್ಸ್ ಪಟ್ಟಿ ಹೆಚ್ಚಾಗಿ ಆಮ್ಲಜನಕದ 2ಪಿ ಕಕ್ಷಕಗಳಿಂದಲೂ ಖಾಲಿಯಾದ ವಹನ ಪಟ್ಟಿ ಸಂಕ್ರಮಣ ಲೋಹದ ಡಿ ಕಕ್ಷಕಗಳಿಂದಲೂ ಆಗುತ್ತದೆ. ಎರಡರ ನಡುವಿನ ಅಂತರವೇ ಪಟ್ಟಿ ಅಂತರ. ಸಿಲಿಕಾನ್‌ನಲ್ಲಿ ಇದು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್. ಸಾಮಾನ್ಯ ಪೆರೋವ್‌ಸ್ಕೈಟ್ ಆದ ಸ್ಟ್ರಾನ್ಷಿಯಂ ಟೈಟನೇಟ್‌ನಲ್ಲಿ ಸುಮಾರು 3.2.

ಜೋಡಿ ಪೆರೋವ್‌ಸ್ಕೈಟ್‌ನಲ್ಲಿ ಒಂದು ಹೊಸ ಸಂಗತಿ ಸೇರಿಕೊಳ್ಳುತ್ತದೆ. ಸ್ಟ್ರಾನ್ಷಿಯಂ–ಮೆಗ್ನೀಷಿಯಂ–ಟಂಗ್‌ಸ್ಟನ್ ಆಕ್ಸೈಡ್ ಅನ್ನು ತೆಗೆದುಕೊಳ್ಳೋಣ. ವಹನ ಪಟ್ಟಿಯನ್ನು ಕಟ್ಟಬಲ್ಲ ಡಿ ಕಕ್ಷಕಗಳು ಟಂಗ್‌ಸ್ಟನ್‌ನಲ್ಲಿವೆ. ಮೆಗ್ನೀಷಿಯಂನಲ್ಲಿ ಆ ಮಟ್ಟದಲ್ಲಿ ಯಾವುದೂ ಇಲ್ಲ. ಒಂದು ಟಂಗ್‌ಸ್ಟನ್‌ನಿಂದ ಮುಂದಿನ ಟಂಗ್‌ಸ್ಟನ್‌ಗೆ ಹೋಗಬೇಕಾದರೆ ನಡುವೆ ಮೆಗ್ನೀಷಿಯಂನ ಮನೆ ಅಡ್ಡ ಬರುತ್ತದೆ. ಒಂದು ಬಿಟ್ಟು ಒಂದು ಮನೆಯ ಬಾಗಿಲು ಮುಚ್ಚಿರುವ ಬೀದಿಯಂತೆ. ಇದರಿಂದ ಪಟ್ಟಿ ಕಿರಿದಾಗುತ್ತದೆ, ಅಂತರ ಹಿಗ್ಗುತ್ತದೆ, ವಸ್ತು ಅವಾಹಕವಾಗುತ್ತದೆ. ಟಂಗ್‌ಸ್ಟನ್‌ನ ಸ್ಥಾನಕ್ಕೆ ಮಾಲಿಬ್ಡಿನಂ ಬಂದರೆ ಅದರ ಡಿ ಮಟ್ಟ ಕೆಳಗಿರುವುದರಿಂದ ಅಂತರ ಸ್ವಲ್ಪ ಕುಗ್ಗುತ್ತದೆ. ಹೀಗೆ ಧಾತುವನ್ನು ಆರಿಸುವ ಮೂಲಕ ಅಂತರವನ್ನು ಬೇಕಾದಂತೆ ಹೊಂದಿಸಬಹುದೆಂಬ ಆಸೆಯೇ ಈ ವಸ್ತುಗಳ ಮೇಲಿನ ಸಂಶೋಧನೆಗೆ ಮುಖ್ಯ ಪ್ರೇರಣೆ.

ಡಿ ಕಕ್ಷಕದಲ್ಲಿ ಎಲೆಕ್ಟ್ರಾನುಗಳು ಅರ್ಧಂಬರ್ಧ ತುಂಬಿದ್ದಾಗ ಸರಳ ಪಟ್ಟಿ ಸಿದ್ಧಾಂತದ ಪ್ರಕಾರ ವಸ್ತು ಲೋಹವಾಗಬೇಕು. ಆದರೆ ಅನೇಕವು ಆಗುವುದಿಲ್ಲ. ಒಂದೇ ಪರಮಾಣುವಿನ ಮೇಲೆ ಎರಡು ಎಲೆಕ್ಟ್ರಾನುಗಳು ಸೇರಿದರೆ ಅವುಗಳ ಪರಸ್ಪರ ವಿಕರ್ಷಣೆ ಬಹಳವಾಗುವುದರಿಂದ ಪ್ರತಿಯೊಂದೂ ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆ. ಇಂತಹವುಗಳನ್ನು ನೆವಿಲ್ ಮಾಟ್ ಅವರ ಹೆಸರಿನಿಂದ ಮಾಟ್ ಅವಾಹಕಗಳು ಎನ್ನುತ್ತಾರೆ. ಬೇರಿಯಂ–ಸೋಡಿಯಂ–ಆಸ್ಮಿಯಂ ಆಕ್ಸೈಡ್‌ನಲ್ಲಿ ಪ್ರತಿ ಆಸ್ಮಿಯಂಗೂ ಒಂದೇ 5ಡಿ ಎಲೆಕ್ಟ್ರಾನ್ ಇದ್ದರೂ ಅದು ಅವಾಹಕವಾಗಿರುವುದು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಎಲೆಕ್ಟ್ರಾನಿನ ಸ್ಪಿನ್ ಮತ್ತು ಕಕ್ಷಾ ಚಲನೆಗಳ ಪರಸ್ಪರ ಬಂಧವೂ ಪಾತ್ರ ವಹಿಸುತ್ತದೆ.

ಅರೆವಾಹಕ ಸ್ವಭಾವದ ಜೋಡಿ ಪೆರೋವ್‌ಸ್ಕೈಟ್‌ಗಳಲ್ಲಿ ಹೆಚ್ಚಿನವು ಸಿಲಿಕಾನ್‌ನಂತೆ ಪಟ್ಟಿಯೊಳಗೆ ಸರಾಗವಾಗಿ ಎಲೆಕ್ಟ್ರಾನ್ ಹರಿಸುವುದಿಲ್ಲ. ಎಲೆಕ್ಟ್ರಾನ್ ಕುಳಿತ ಕಡೆ ಸುತ್ತಲಿನ ಅಯಾನುಗಳು ಸ್ವಲ್ಪ ಸರಿದು ಅದಕ್ಕೆ ಒಂದು ತಗ್ಗು ಮಾಡಿಕೊಡುತ್ತವೆ. ಎಲೆಕ್ಟ್ರಾನ್ ಮತ್ತು ಆ ತಗ್ಗು ಎರಡೂ ಸೇರಿ ಪೋಲರಾನ್ ಎನಿಸುತ್ತದೆ. ತಗ್ಗಿನಿಂದ ಎದ್ದು ಪಕ್ಕದ ಅಯಾನಿಗೆ ಜಿಗಿಯಲು ಶಾಖದ ಶಕ್ತಿ ಬೇಕು. ಈ ಶಕ್ತಿಯೇ ಸಕ್ರಿಯಣ ಶಕ್ತಿ. ತಾಪಮಾನ ಏರಿದಂತೆ ಜಿಗಿತಗಳು ಹೆಚ್ಚುವುದರಿಂದ ವಾಹಕತೆ ಏರುತ್ತದೆ. ಲೋಹಗಳಲ್ಲಿ ಇದರ ವಿರುದ್ಧ. ಸಕ್ರಿಯಣ ಶಕ್ತಿ 0.5 ಎಲೆಕ್ಟ್ರಾನ್ ವೋಲ್ಟ್ ಇರುವ ವಸ್ತುವನ್ನು 300 ಕೆಲ್ವಿನ್‌ನಿಂದ 600 ಕೆಲ್ವಿನ್‌ಗೆ ಕಾಯಿಸಿದರೆ, ಅರೀನಿಯಸ್ ಸೂತ್ರದ ಪ್ರಕಾರ ವಾಹಕತೆ ಸುಮಾರು 16 ಸಾವಿರ ಪಟ್ಟು ಹೆಚ್ಚುತ್ತದೆ, ಶಕ್ತಿ 0.3 ಇದ್ದರೆ ಏರಿಕೆ ಸುಮಾರು 330 ಪಟ್ಟು ಮಾತ್ರ. ಸಕ್ರಿಯಣ ಶಕ್ತಿಯಲ್ಲಿ ಆದ ಅಲ್ಪ ಭೇದ ವಾಹಕತೆಯಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಬಹಳ ತಣ್ಣಗಿನ ಸ್ಥಿತಿಯಲ್ಲಿ ಎಲೆಕ್ಟ್ರಾನ್ ಹತ್ತಿರದ ನೆಲೆಗಿಂತ, ದೂರವಿದ್ದರೂ ಸಮನಾದ ಶಕ್ತಿಯ ನೆಲೆಯನ್ನು ಹುಡುಕಿ ಜಿಗಿಯುತ್ತದೆ. ಆಗ ರೋಧಕತೆಯ ಲಾಗರಿದಮ್ ತಾಪಮಾನದ ನಾಲ್ಕನೆಯ ಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ ಎಂಬ ನಿಯಮವನ್ನು ನೀಡಿದವರೂ ಮಾಟ್ ಅವರೇ.

ಸ್ಟ್ರಾನ್ಷಿಯಂ–ಕಬ್ಬಿಣ–ಮಾಲಿಬ್ಡಿನಂ ಆಕ್ಸೈಡ್

ಈ ಕುಟುಂಬದಲ್ಲಿ ಅತ್ಯಂತ ಹೆಚ್ಚು ಅಧ್ಯಯನವಾದ ಸದಸ್ಯ ಇದು. ಇದನ್ನು 1960ರ ದಶಕದಲ್ಲಿಯೇ ತಯಾರಿಸಲಾಗಿತ್ತು. ಆದರೆ ಮೂರು ದಶಕಗಳ ಕಾಲ ಅಷ್ಟಾಗಿ ಯಾರ ಗಮನವನ್ನೂ ಸೆಳೆಯಲಿಲ್ಲ. 1998ರಲ್ಲಿ ಜಪಾನಿನ ಕೋಬಯಾಶಿ, ತೋಕುರ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಅದನ್ನು ಬೆಳಕಿಗೆ ತಂದಿತು. ಕಾಂತಕ್ಷೇತ್ರವನ್ನು ಪ್ರಯೋಗಿಸಿದಾಗ ಈ ವಸ್ತುವಿನ ವಿದ್ಯುತ್ ರೋಧ ಕೊಠಡಿಯ ತಾಪಮಾನದಲ್ಲಿಯೂ ಗಮನಾರ್ಹವಾಗಿ ಇಳಿಯುತ್ತದೆ ಎಂದು ಅವರು ತೋರಿಸಿದರು. ಅದುವರೆಗೆ ಹೆಸರಾಗಿದ್ದ ಮ್ಯಾಂಗನೀಸ್ ಪೆರೋವ್‌ಸ್ಕೈಟ್‌ಗಳಲ್ಲಿ ಇಂತಹ ಪರಿಣಾಮ ಹೆಚ್ಚಾಗಿ ತಣ್ಣಗಿನ ಸ್ಥಿತಿಗೆ ಸೀಮಿತವಾಗಿತ್ತು.

ಇದರಲ್ಲಿ ಕಬ್ಬಿಣ 3 ಧನಾವೇಶದ ಸ್ಥಿತಿಯಲ್ಲಿ ಐದು 3ಡಿ ಎಲೆಕ್ಟ್ರಾನುಗಳನ್ನೂ, ಮಾಲಿಬ್ಡಿನಂ 5 ಧನಾವೇಶದ ಸ್ಥಿತಿಯಲ್ಲಿ ಒಂದು 4ಡಿ ಎಲೆಕ್ಟ್ರಾನನ್ನೂ ಹೊಂದಿರುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಕಬ್ಬಿಣದ ಐದೂ ಸ್ಪಿನ್‌ಗಳು ಒಂದು ದಿಕ್ಕಿಗೆ, ಮಾಲಿಬ್ಡಿನಂನ ಒಂದು ಸ್ಪಿನ್ ವಿರುದ್ಧ ದಿಕ್ಕಿಗೆ. ನಿವ್ವಳ ಕಾಂತ ಭ್ರಾಮಕ 5ರಿಂದ 1 ಕಳೆದು 4 ಬೋರ್ ಮ್ಯಾಗ್ನೆಟಾನ್. ಈ ಕಾಂತೀಯ ಕ್ರಮ ಸುಮಾರು 415ರಿಂದ 420 ಕೆಲ್ವಿನ್‌ವರೆಗೆ, ಅಂದರೆ ಕುದಿಯುವ ನೀರಿಗಿಂತ ಹೆಚ್ಚಿನ ತಾಪಮಾನದವರೆಗೆ ಉಳಿಯುತ್ತದೆ. ಕಬ್ಬಿಣದ ಒಂದು ದಿಕ್ಕಿನ ಸ್ಪಿನ್ ಮಟ್ಟಗಳೆಲ್ಲ ತುಂಬಿರುವುದರಿಂದ ಆ ದಿಕ್ಕಿನ ಎಲೆಕ್ಟ್ರಾನುಗಳಿಗೆ ಪಟ್ಟಿ ಅಂತರ ಇದೆ. ಅವುಗಳ ಪಾಲಿಗೆ ವಸ್ತು ಅವಾಹಕ. ವಿರುದ್ಧ ದಿಕ್ಕಿನ ಸ್ಪಿನ್‌ಗಳ ಪಾಲಿಗೆ ಅದೇ ವಸ್ತು ಲೋಹ. ಇಂತಹ ವಸ್ತುವನ್ನು ಅರ್ಧಲೋಹ ಎನ್ನುತ್ತಾರೆ. ಈ ಪರಿಕಲ್ಪನೆಯನ್ನು ಡಿ ಗ್ರೂಟ್ ಮತ್ತು ಸಂಗಡಿಗರು 1983ರಲ್ಲಿ ಬೇರೊಂದು ಮಿಶ್ರಲೋಹದ ಸಂದರ್ಭದಲ್ಲಿ ಮುಂದಿಟ್ಟರು. ಅರ್ಧಲೋಹ, ಅರೆವಾಹಕ, ಲೋಹಾಭ ಎಂಬ ಮೂರು ಪದಗಳು ಕನ್ನಡದಲ್ಲಿ ಒಂದೇ ಅರ್ಥದವೆಂಬಂತೆ ಕಿವಿಗೆ ಬೀಳುತ್ತವೆ. ಮೂರೂ ಬೇರೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಸ್ವಭಾವತಃ ಕಾಂತೀಯವಲ್ಲದ ಮಾಲಿಬ್ಡಿನಂನ ಎಲೆಕ್ಟ್ರಾನ್ ಇಷ್ಟು ಬಿಸಿಯಲ್ಲಿಯೂ ಕಬ್ಬಿಣಕ್ಕೆ ವಿರುದ್ಧವಾಗಿ ನಿಲ್ಲುವುದೇಕೆ? ಇದಕ್ಕೆ ಮನ್ನಣೆ ಪಡೆದ ವಿವರಣೆಯನ್ನು 2000ದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಿ. ಡಿ. ಸರ್ಮಾ ಮತ್ತು ಸಂಗಡಿಗರು ನೀಡಿದರು. ಕಬ್ಬಿಣದ ಎರಡು ಸ್ಪಿನ್ ಮಟ್ಟಗಳ ನಡುವೆ ಮಾಲಿಬ್ಡಿನಂನ ಮಟ್ಟ ಬಂದು ನಿಲ್ಲುತ್ತದೆ. ಮೇಲಿನದರೊಡನೆ ಬೆರೆಯುವ ಸ್ಪಿನ್ ಕೆಳಕ್ಕೂ ಕೆಳಗಿನದರೊಡನೆ ಬೆರೆಯುವ ಸ್ಪಿನ್ ಮೇಲಕ್ಕೂ ತಳ್ಳಲ್ಪಡುತ್ತದೆ. ಹೀಗೆ ಮಾಲಿಬ್ಡಿನಂನಲ್ಲಿ ಒಂದು ದೊಡ್ಡ ಸ್ಪಿನ್ ವಿಭಜನೆ ಎರವಲಾಗಿ ಉಂಟಾಗುತ್ತದೆ. ಎಲೆಕ್ಟ್ರಾನ್ ಕೆಳಗಿಳಿದ ಮಟ್ಟವನ್ನು ಸೇರುತ್ತದೆ. ಅದು ಕಬ್ಬಿಣಕ್ಕೆ ವಿರುದ್ಧವಾದ ಸ್ಪಿನ್‌ನದಾಗಿರುತ್ತದೆ.

ಪ್ರಯೋಗಾಲಯದಲ್ಲಿ ತಯಾರಾದ ಮಾದರಿಗಳಲ್ಲಿ ಭ್ರಾಮಕ ಸಾಮಾನ್ಯವಾಗಿ 4ನ್ನು ಮುಟ್ಟುವುದಿಲ್ಲ. ಕಬ್ಬಿಣ ಮತ್ತು ಮಾಲಿಬ್ಡಿನಂಗಳ ಆವೇಶದ ವ್ಯತ್ಯಾಸ ಸರಿಯಾಗಿ 2. ಮೇಲೆ ಹೇಳಿದ ಅನಿಶ್ಚಿತ ಗಡಿ. ಆದುದರಿಂದ ಸ್ಥಾನಪಲ್ಲಟ ದೋಷಗಳು ಸುಲಭವಾಗಿ ಉಳಿದುಬಿಡುತ್ತವೆ. ಸ್ಥಾನ ತಪ್ಪಿದ ಅಯಾನಿನ ಸ್ಪಿನ್ ತಿರುಗಿಬೀಳುತ್ತದೆ ಎಂದು ಭಾವಿಸಿದರೆ, ನೂರಕ್ಕೆ ಹತ್ತು ಕಬ್ಬಿಣದ ಅಯಾನುಗಳು ಸ್ಥಾನ ತಪ್ಪಿದಾಗ ಭ್ರಾಮಕ 4ರಿಂದ 3.2ಕ್ಕೆ ಇಳಿಯಬೇಕೆಂದು ಸರಳ ಲೆಕ್ಕ ಹೇಳುತ್ತದೆ. ಕಾಂತೀಯತೆಯ ಜೊತೆಗೆ ಅರ್ಧಲೋಹ ಗುಣವೂ ಮಸಕಾಗುತ್ತದೆ. ಕಬ್ಬಿಣದ ಪಕ್ಕ ಕಬ್ಬಿಣ ಬಂದಲ್ಲಿ ಅವುಗಳ ನಡುವೆ ಪ್ರತಿಫೆರೋಕಾಂತೀಯ ಬಂಧ ಏರ್ಪಟ್ಟು ಎಲೆಕ್ಟ್ರಾನಿನ ಹಾದಿ ಕೆಡುತ್ತದೆ.

ಮಾಲಿಬ್ಡಿನಂನ ಸ್ಥಾನಕ್ಕೆ ಅದೇ ಗುಂಪಿನ ಟಂಗ್‌ಸ್ಟನ್ ಬಂದರೆ ಚಿತ್ರವೇ ಬದಲಾಗುತ್ತದೆ. ಟಂಗ್‌ಸ್ಟನ್ ತನ್ನ ಕೊನೆಯ ಎಲೆಕ್ಟ್ರಾನನ್ನು ಇಟ್ಟುಕೊಳ್ಳದೆ ಕಬ್ಬಿಣಕ್ಕೆ ಕೊಟ್ಟುಬಿಡುತ್ತದೆ. ಕಬ್ಬಿಣ 2, ಟಂಗ್‌ಸ್ಟನ್ 6. ಆವೇಶದ ವ್ಯತ್ಯಾಸ 4. ಕ್ರಮ ಅಚ್ಚುಕಟ್ಟಾಗುತ್ತದೆ, ಆದರೆ ಹರಿಯಲು ಎಲೆಕ್ಟ್ರಾನ್ ಇಲ್ಲ. ವಸ್ತು ಅವಾಹಕ, ಅದರ ಪ್ರತಿಫೆರೋಕಾಂತೀಯ ಕ್ರಮವೂ 40 ಕೆಲ್ವಿನ್‌ಗಿಂತ ಕೆಳಗೆ ಮಾತ್ರ. ಆವರ್ತ ಕೋಷ್ಟಕದಲ್ಲಿ ಒಂದು ಮನೆ ಕೆಳಗಿಳಿದುದಕ್ಕೆ ಇಷ್ಟು ಅಂತರ.

ರೀನಿಯಂ ಮತ್ತು ಆಸ್ಮಿಯಂಗಳ ಸಂಯುಕ್ತಗಳು

ಸ್ಟ್ರಾನ್ಷಿಯಂ–ಕ್ರೋಮಿಯಂ–ರೀನಿಯಂ ಆಕ್ಸೈಡ್‌ನ ಕಾಂತೀಯ ಕ್ರಮ ಸುಮಾರು 635 ಕೆಲ್ವಿನ್‌ವರೆಗೆ ನಿಲ್ಲುತ್ತದೆ. ಇದನ್ನು ಬಹುಕಾಲ ಲೋಹವೆಂದೇ ಎಣಿಸಲಾಗಿತ್ತು. 2012ರಲ್ಲಿ ಅತ್ಯಂತ ಅಚ್ಚುಕಟ್ಟಾದ ಕ್ರಮವುಳ್ಳ ತೆಳುಪದರಗಳನ್ನು ಬೆಳೆಸಿ ಅಳೆದಾಗ ಅದು ಸುಮಾರು 0.2 ಎಲೆಕ್ಟ್ರಾನ್ ವೋಲ್ಟ್ ಅಂತರದ ಅರೆವಾಹಕವೆಂದು ಕಂಡಿತು. ಹಿಂದೆ ಕಂಡ ಲೋಹಗುಣ ವಸ್ತುವಿನದೋ ಅದರ ದೋಷಗಳದೋ ಎಂಬ ಪ್ರಶ್ನೆ ಹೀಗೆ ಎದ್ದಿತು. ಸ್ಟ್ರಾನ್ಷಿಯಂ–ಕ್ರೋಮಿಯಂ–ಆಸ್ಮಿಯಂ ಆಕ್ಸೈಡ್ ಅವಾಹಕವಾಗಿದ್ದೂ 725 ಕೆಲ್ವಿನ್‌ವರೆಗೆ ಕಾಂತೀಯವಾಗಿರುವುದು 2007ರಲ್ಲಿ ವರದಿಯಾಯಿತು. ಕಾಂತೀಯ ಕ್ರಮ ಗಟ್ಟಿಯಾಗಿರಲು ಚಲಿಸುವ ಎಲೆಕ್ಟ್ರಾನುಗಳು ಬೇಕೇಬೇಕು ಎಂಬ ಸರಳ ನಂಬಿಕೆಗೆ ಇದು ಅಪವಾದ.

ಕಾಂತೀಯ ಅರೆವಾಹಕ: ಲ್ಯಾಂಥನಂ–ನಿಕಲ್–ಮ್ಯಾಂಗನೀಸ್ ಆಕ್ಸೈಡ್

ಫೆರೋಕಾಂತೀಯ ವಸ್ತುಗಳಲ್ಲಿ ಬಹುಪಾಲು ಲೋಹಗಳು. ಅರೆವಾಹಕವೂ ಫೆರೋಕಾಂತೀಯವೂ ಆದ ವಸ್ತುಗಳು ವಿರಳ. ಲ್ಯಾಂಥನಂ–ನಿಕಲ್–ಮ್ಯಾಂಗನೀಸ್ ಆಕ್ಸೈಡ್ ಅಂತಹುದು. ಅದರ ಕ್ಯೂರಿ ತಾಪಮಾನ ಸುಮಾರು 280 ಕೆಲ್ವಿನ್, ಅಂದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್. ನಿಕಲ್ 2 ಧನಾವೇಶ, ಮ್ಯಾಂಗನೀಸ್ 4 ಧನಾವೇಶ. ನಿಕಲ್‌ನಲ್ಲಿ ಆಮ್ಲಜನಕದ ಕಡೆಗೆ ಚಾಚಿದ ಡಿ ಕಕ್ಷಕಗಳು ಅರ್ಧ ತುಂಬಿವೆ. ಮ್ಯಾಂಗನೀಸ್‌ನಲ್ಲಿ ಅವು ಖಾಲಿ. ಇಂತಹ ಎರಡು ಅಯಾನುಗಳು ಆಮ್ಲಜನಕದ ಮೂಲಕ ನೇರವಾಗಿ ಎದುರುಬದುರಾದಾಗ ಸ್ಪಿನ್‌ಗಳು ಒಂದೇ ದಿಕ್ಕಿಗೆ ನಿಲ್ಲುತ್ತವೆ ಎಂದು ಗುಡ್‌ಇನಫ್ ಮತ್ತು ಕನಮೋರಿ ಅವರ ನಿಯಮಗಳು ಹೇಳುತ್ತವೆ. ಎಲೆಕ್ಟ್ರಾನುಗಳು ಸ್ಥಳಬದ್ಧವಾಗಿಯೇ ಇರುವುದರಿಂದ ವಸ್ತು ಲೋಹವಾಗದೆ ಅರೆವಾಹಕವಾಗಿ ಉಳಿಯುತ್ತದೆ. 2005ರಲ್ಲಿ ರೊಗಾಡೊ, ಸ್ಲೀಟ್, ಸುಬ್ರಮಣಿಯನ್ ಮತ್ತು ಸಂಗಡಿಗರು ಇದರ ಧಾರಕತೆ ಕೊಠಡಿಯ ತಾಪಮಾನದ ಹತ್ತಿರ ಕಾಂತಕ್ಷೇತ್ರದಿಂದ ಬದಲಾಗುವುದನ್ನು ತೋರಿಸಿದರು. ನಿಕಲ್‌ಗೆ ಬದಲಾಗಿ ಕೋಬಾಲ್ಟ್ ಇದ್ದಾಗ ಕ್ಯೂರಿ ತಾಪಮಾನ ಸುಮಾರು 225 ಕೆಲ್ವಿನ್‌ಗೆ ಇಳಿಯುತ್ತದೆ.

ಒಂದೇ ಧಾತು, ಎರಡು ಸ್ಥಿತಿ

ಬೇರಿಯಂ ಬಿಸ್ಮತ್ ಆಕ್ಸೈಡ್‌ನ ಸೂತ್ರ ಸಾಮಾನ್ಯ ಪೆರೋವ್‌ಸ್ಕೈಟ್‌ನದು. ಅದರಲ್ಲಿ ಇರುವುದೂ ಒಂದೇ ಬಿ ಲೋಹ. ಹಾಗಿದ್ದರೂ ಅದು ಜೋಡಿ ಪೆರೋವ್‌ಸ್ಕೈಟ್‌ನಂತೆ ವರ್ತಿಸುತ್ತದೆ. ಲೆಕ್ಕದ ಪ್ರಕಾರ ಬಿಸ್ಮತ್ 4 ಧನಾವೇಶದಲ್ಲಿರಬೇಕು. ಆಗ ಪಟ್ಟಿ ಅರ್ಧ ತುಂಬಿ ವಸ್ತು ಲೋಹವಾಗುತ್ತಿತ್ತು. ವಾಸ್ತವದಲ್ಲಿ ಅಷ್ಟಮುಖಿಗಳು ಒಂದು ಹಿಗ್ಗಿ ಒಂದು ಕುಗ್ಗಿ, ಸ್ಥೂಲವಾಗಿ 3 ಮತ್ತು 5 ಧನಾವೇಶದ ಎರಡು ಬಗೆಯ ಬಿಸ್ಮತ್‌ಗಳು ಚದುರಂಗದ ಮಣೆಯಂತೆ ನಿಲ್ಲುತ್ತವೆ. ಬಿಸ್ಮತ್–ಆಮ್ಲಜನಕ ದೂರ ಒಂದರಲ್ಲಿ ಸುಮಾರು 2.28 ಆಂಗ್‌ಸ್ಟ್ರಾಮ್, ಇನ್ನೊಂದರಲ್ಲಿ ಸುಮಾರು 2.12. ಈ ಏರುಪೇರಿನಿಂದ ಪಟ್ಟಿ ಅಂತರ ತೆರೆದುಕೊಂಡು ವಸ್ತು ಅರೆವಾಹಕವಾಗುತ್ತದೆ. ಬೇರಿಯಂನ ಒಂದು ಪಾಲನ್ನು ಪೊಟ್ಯಾಸಿಯಂನಿಂದ ತುಂಬಿಸಿದರೆ ಏರುಪೇರು ಅಳಿದು, ಸುಮಾರು 30 ಕೆಲ್ವಿನ್‌ನಲ್ಲಿ ಅದು ಅತಿವಾಹಕವಾಗುತ್ತದೆ. ಇದು 1988ರಲ್ಲಿ ತಿಳಿದುಬಂದಿತು. ತಾಮ್ರವಿಲ್ಲದ ಆಕ್ಸೈಡ್‌ಗೆ ಇದು ಬಹಳ ಹೆಚ್ಚಿನ ತಾಪಮಾನ.

ತಯಾರಿಕೆ

ಸಾಮಾನ್ಯ ವಿಧಾನ ಘನಸ್ಥಿತಿಯ ಕ್ರಿಯೆ. ಬೇಕಾದ ಆಕ್ಸೈಡ್ ಮತ್ತು ಕಾರ್ಬೊನೇಟ್‌ಗಳನ್ನು ತೂಕಮಾಡಿ, ಖಲ್ವದಲ್ಲಿ ಅರೆದು, ಬಿಲ್ಲೆಯಾಗಿ ಒತ್ತಿ, ಕುಲುಮೆಯಲ್ಲಿ ಸುಡುತ್ತಾರೆ. ಮತ್ತೆ ಅರೆದು ಮತ್ತೆ ಸುಡುತ್ತಾರೆ. ಕುಲುಮೆಯೊಳಗಿನ ಅನಿಲ ಯಾವುದು ಎಂಬುದು ನಿರ್ಣಾಯಕ. ಸ್ಟ್ರಾನ್ಷಿಯಂ–ಕಬ್ಬಿಣ–ಮಾಲಿಬ್ಡಿನಂ ಆಕ್ಸೈಡ್ ಅನ್ನು ಗಾಳಿಯಲ್ಲಿ ಸುಟ್ಟರೆ ಮಾಲಿಬ್ಡಿನಂ ಪೂರ್ಣ ಉತ್ಕರ್ಷಣಗೊಂಡು ಸ್ಟ್ರಾನ್ಷಿಯಂ ಮಾಲಿಬ್ಡೇಟ್ ಎಂಬ ಅವಾಹಕ ಉಳಿಯುತ್ತದೆ. ಆದುದರಿಂದ ಅಲ್ಪ ಜಲಜನಕ ಬೆರೆಸಿದ ಆರ್ಗಾನ್‌ನಲ್ಲಿ ಸುಮಾರು 1100–1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೊನೆಯ ಸುಡುವಿಕೆ ನಡೆಸುತ್ತಾರೆ. ಜಲಜನಕ ಹೆಚ್ಚಾದರೆ ಕಬ್ಬಿಣವೇ ಲೋಹವಾಗಿ ಬೇರ್ಪಡುತ್ತದೆ. ಬಿಸ್ಮತ್–ನಿಕಲ್–ಮ್ಯಾಂಗನೀಸ್ ಆಕ್ಸೈಡ್‌ನಂತಹ ಕೆಲವಕ್ಕೆ ಹತ್ತಾರು ಸಾವಿರ ವಾತಾವರಣಗಳ ಒತ್ತಡ ಬೇಕಾಗುತ್ತದೆ.

ಅಳತೆಯ ತೊಡಕುಗಳು

ಸುಟ್ಟ ಬಿಲ್ಲೆ ಒಂದೇ ಸ್ಫಟಿಕವಲ್ಲ. ಸಾವಿರಾರು ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡ ಗಟ್ಟಿ. ವಿದ್ಯುತ್ ಪ್ರವಾಹ ಕಣದ ಒಡಲನ್ನೂ ಕಣಗಳ ನಡುವಿನ ಗಡಿಯನ್ನೂ ದಾಟಿ ಹೋಗಬೇಕು. ಗಡಿಯಲ್ಲಿ ಅವಾಹಕ ಪೊರೆ ಇದ್ದರೆ ಒಡಲು ಲೋಹವಾಗಿದ್ದರೂ ಇಡೀ ಬಿಲ್ಲೆ ಅರೆವಾಹಕದಂತೆ ತೋರುತ್ತದೆ. 1998ರ ಪ್ರಬಂಧದಲ್ಲಿ ಕಂಡ ಕಾಂತರೋಧವೂ ಬಹುಮಟ್ಟಿಗೆ ಕಣಗಡಿಗಳನ್ನು ಎಲೆಕ್ಟ್ರಾನುಗಳು ಸುರಂಗದ ಮೂಲಕವೆಂಬಂತೆ ದಾಟುವುದರಿಂದ ಉಂಟಾದುದು. ಅನಂತರ ಬೆಳೆಸಿದ ಒಂಟಿ ಸ್ಫಟಿಕದಲ್ಲಿ ರೋಧ ಲೋಹದಂತೆ ವರ್ತಿಸಿತು. ಆ ದೊಡ್ಡ ಕಾಂತರೋಧ ಅದರಲ್ಲಿ ಕಾಣಲಿಲ್ಲ. ಇಲ್ಲಿ ಗಡಿಯ ದೋಷವೇ ಉಪಯುಕ್ತ ಗುಣವಾಯಿತು ಎನ್ನಬೇಕು.

ಒಡಲು ಮತ್ತು ಗಡಿಗಳನ್ನು ಬೇರ್ಪಡಿಸಲು ಇಂಪೀಡೆನ್ಸ್ ರೋಹಿತ ವಿಧಾನವನ್ನು ಬಳಸುತ್ತಾರೆ. ಬೇರೆ ಬೇರೆ ಆವರ್ತಾಂಕದ ಪರ್ಯಾಯ ಪ್ರವಾಹವನ್ನು ಹರಿಸಿ ಪ್ರತಿಕ್ರಿಯೆಯನ್ನು ನಕ್ಷೆಯಲ್ಲಿ ಗುರುತಿಸಿದರೆ, ಆದರ್ಶ ಸ್ಥಿತಿಯಲ್ಲಿ, ಒಡಲಿಗೊಂದು ಗಡಿಗೊಂದು ಅರ್ಧವೃತ್ತ ಕಾಣುತ್ತದೆ. ಒಡಲಿನ ಧಾರಕತೆ ಸಾಮಾನ್ಯವಾಗಿ ಪಿಕೊಫ್ಯಾರಡ್‌ನ ಆಸುಪಾಸಿನದು. ಗಡಿಯದು ಅದಕ್ಕಿಂತ ಹತ್ತಾರು, ಸಾವಿರಾರು ಪಟ್ಟು. ಯಾವ ಅರ್ಧವೃತ್ತ ಯಾರದೆಂದು ಇದರಿಂದ ಗುರುತಿಸಬಹುದು. ಈ ವಿಶ್ಲೇಷಣೆ ಮಾಡದೆ ಒಂದೇ ಆವರ್ತಾಂಕದಲ್ಲಿ ಅಳೆದು, ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸಾವಿರಾರು ಎಂದು ಘೋಷಿಸಿದ ವರದಿಗಳನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ. ವಾಹಕ ಕಣ, ಅವಾಹಕ ಗಡಿ ಇದ್ದಲ್ಲಿ ಮ್ಯಾಕ್ಸ್‌ವೆಲ್–ವ್ಯಾಗ್ನರ್ ಪರಿಣಾಮದಿಂದ ಅಂತಹ ಬೃಹತ್ ಸಂಖ್ಯೆ ಸುಲಭವಾಗಿ ಬರುತ್ತದೆ. ಅದು ಸ್ಫಟಿಕದ ಗುಣವಾಗಿರದೆ ಬಿಲ್ಲೆಯ ಗುಣವಾಗಿರುವ ಸಂಭವವೇ ಹೆಚ್ಚು.

ಕ್ರಮ ಮತ್ತು ಡೈಎಲೆಕ್ಟ್ರಿಕ್ ಗುಣದ ನಿಜವಾದ ಸಂಬಂಧವನ್ನು ತೋರಿದ ಉದಾಹರಣೆ ಸೀಸ–ಸ್ಕ್ಯಾಂಡಿಯಂ–ಟ್ಯಾಂಟಲಂ ಆಕ್ಸೈಡ್. ಸೆಟ್ಟರ್ ಮತ್ತು ಕ್ರಾಸ್ 1980ರಲ್ಲಿ ಇದನ್ನು ಬೇರೆ ಬೇರೆ ರೀತಿಯಲ್ಲಿ ಕಾಯಿಸಿ ತಣಿಸಿ, ಕ್ರಮದ ಪ್ರಮಾಣವನ್ನು ಬದಲಿಸಿ ಅಧ್ಯಯನ ಮಾಡಿದರು. ಕ್ರಮ ಚೆನ್ನಾಗಿದ್ದಾಗ ಫೆರೋವಿದ್ಯುತ್ ಸ್ಥಿತ್ಯಂತರ ಚೂಪಾಗಿ ಒಂದೇ ತಾಪಮಾನದಲ್ಲಿ ನಡೆಯಿತು. ಕ್ರಮ ಕೆಟ್ಟಾಗ ಅದು ವಿಶಾಲ ವ್ಯಾಪ್ತಿಗೆ ಹರಡಿತು. ಸೂತ್ರ ಒಂದೇ, ಧಾತುಗಳು ಅವೇ.

ಆಮ್ಲಜನಕದ ತೆರವುಗಳು ಮತ್ತು ಇಂಧನಕೋಶ

ಸ್ಫಟಿಕದಿಂದ ಒಂದು ಆಮ್ಲಜನಕ ಪರಮಾಣು ಹೊರಬಿದ್ದರೆ ಅದು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಹೋಗುತ್ತದೆ. ಅವು ಪಕ್ಕದ ಲೋಹವನ್ನು ಅಪಕರ್ಷಿಸಿ ಋಣವಾಹಕ ಅರೆವಾಹಕತೆಯನ್ನು ಉಂಟುಮಾಡುತ್ತವೆ. ತೆರವಾದ ಸ್ಥಾನಗಳ ಮೂಲಕ ಆಮ್ಲಜನಕದ ಅಯಾನುಗಳು ಕೂಡ ಚಲಿಸಬಲ್ಲವು. ಹೀಗೆ ಎಲೆಕ್ಟ್ರಾನ್ ಮತ್ತು ಅಯಾನು ಎರಡನ್ನೂ ಹರಿಸುವ ವಸ್ತುಗಳು ಘನ ಆಕ್ಸೈಡ್ ಇಂಧನಕೋಶಕ್ಕೆ ಬೇಕು. ಅಂತಹ ಕೋಶಗಳಲ್ಲಿ ರೂಢಿಯಲ್ಲಿರುವ ನಿಕಲ್ ಆನೋಡ್, ನೈಸರ್ಗಿಕ ಅನಿಲವನ್ನು ಬಳಸಿದಾಗ ಮಸಿಕಟ್ಟುತ್ತದೆ, ಗಂಧಕದಿಂದ ಕೆಡುತ್ತದೆ. 2006ರಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಸ್ಟ್ರಾನ್ಷಿಯಂ–ಮೆಗ್ನೀಷಿಯಂ–ಮಾಲಿಬ್ಡಿನಂ ಆಕ್ಸೈಡ್ ಮೀಥೇನ್‌ನಲ್ಲಿಯೂ ಗಂಧಕದ ಅಂಶವಿದ್ದಾಗಲೂ ಆನೋಡ್ ಆಗಿ ಕೆಲಸ ಮಾಡಬಲ್ಲುದೆಂದು ಸೈನ್ಸ್ ಪತ್ರಿಕೆಯಲ್ಲಿ ತೋರಿಸಿತು. ಮೆಗ್ನೀಷಿಯಂ ಇದ್ದ ಟಂಗ್‌ಸ್ಟನ್ ಸಂಯುಕ್ತ ಅವಾಹಕವೆಂದು ಮೇಲೆ ನೋಡಿದೆವು. ಇಲ್ಲಿ ಮಾಲಿಬ್ಡಿನಂ 6 ಮತ್ತು 5 ಸ್ಥಿತಿಗಳ ನಡುವೆ ಓಡಾಡುವುದರಿಂದ ಎಲೆಕ್ಟ್ರಾನುಗಳು ದೊರೆಯುತ್ತವೆ. 2010ರಲ್ಲಿ ಸ್ಟ್ರಾನ್ಷಿಯಂ ಆಕ್ಸೈಡ್‌ನಲ್ಲಿ ಕಬ್ಬಿಣ 1.5, ಮಾಲಿಬ್ಡಿನಂ 0.5 ಪ್ರಮಾಣದ ಸಂಯುಕ್ತವನ್ನು ಆನೋಡ್ ಮತ್ತು ಕ್ಯಾಥೋಡ್ ಎರಡಕ್ಕೂ ಬಳಸಬಹುದೆಂದು ಕಂಡುಬಂದಿತು.

ಕ್ಯಾಥೋಡ್‌ಗೆ ಇನ್ನೊಂದು ಬಗೆಯ ಜೋಡಿ ಪೆರೋವ್‌ಸ್ಕೈಟ್‌ಗಳೂ ಉಂಟು. ಅವುಗಳಲ್ಲಿ ಕ್ರಮವಾಗಿ ಕೂರುವುದು ಎ ಅಯಾನುಗಳು. ಪ್ರೆಸಿಯೋಡಿಮಿಯಂ ಅಥವಾ ಗ್ಯಾಡೊಲಿನಿಯಂ ಒಂದು ಪದರ, ಬೇರಿಯಂ ಒಂದು ಪದರ, ನಡುವೆ ಕೋಬಾಲ್ಟ್. ಆಮ್ಲಜನಕದ ತೆರವುಗಳು ವಿರಳ ಭಸ್ಮ ಧಾತುವಿನ ಪದರದಲ್ಲಿ ಒಟ್ಟಾಗುವುದರಿಂದ ಅಯಾನುಗಳಿಗೆ ಅಲ್ಲಿ ಒಂದು ಕಾಲುವೆಯೇ ದೊರೆತಂತಾಗುತ್ತದೆ.

ಬೆಳಕು ಮತ್ತು ವಿದ್ಯುತ್

ಬಹುಪಾಲು ಆಕ್ಸೈಡ್‌ಗಳ ಪಟ್ಟಿ ಅಂತರ ಸೂರ್ಯನ ಬೆಳಕನ್ನು ಹೀರಲು ತೀರ ದೊಡ್ಡದು. ಬಿಸ್ಮತ್–ಕಬ್ಬಿಣ–ಕ್ರೋಮಿಯಂ ಆಕ್ಸೈಡ್‌ನಲ್ಲಿ ಕಬ್ಬಿಣ ಮತ್ತು ಕ್ರೋಮಿಯಂಗಳ ಕ್ರಮವನ್ನು ನಿಯಂತ್ರಿಸಿ ಅಂತರವನ್ನು ತಗ್ಗಿಸಬಹುದೆಂದು ನೆಷಾಶ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಹಲವು ಪದರಗಳ ಕೋಶದಲ್ಲಿ ಅವರು ಪಡೆದ ದಕ್ಷತೆ 8.1 ಪ್ರತಿಶತ. ಸಿಲಿಕಾನ್‌ನ ಎದುರು ಇದು ಸಣ್ಣದು. ಫೆರೋವಿದ್ಯುತ್ ಆಕ್ಸೈಡ್‌ಗಳ ಮಟ್ಟಿಗೆ ದೊಡ್ಡದು.

ಬೆಂಗಳೂರಿನಲ್ಲಿ ಸಂಶೋಧನೆ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರು 1976ರಲ್ಲಿ ಆರಂಭಿಸಿದ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ವಿಭಾಗ ಪೆರೋವ್‌ಸ್ಕೈಟ್ ಆಕ್ಸೈಡ್‌ಗಳ ಅಧ್ಯಯನಕ್ಕೆ ಹೆಸರಾಗಿದೆ. ಸರ್ಮಾ ಅವರ ಮೇಲಿನ ಕೆಲಸ ನಡೆದದ್ದೂ ಅಲ್ಲಿಯೇ. 1989ರಲ್ಲಿ ಸ್ಥಾಪನೆಯಾದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಈ ಕೆಲಸ ಮುಂದುವರಿದಿದೆ. ಆ ಕೇಂದ್ರದ ಉಮೇಶ್ ವಾಘ್ಮಾರೆ ಅವರೂ ಸರ್ಮಾ ಅವರೂ ಸೇರಿದ್ದ ತಂಡ 2008ರಲ್ಲಿ ಲ್ಯಾಂಥನಂ–ನಿಕಲ್–ಮ್ಯಾಂಗನೀಸ್ ಆಕ್ಸೈಡ್‌ನ ಸ್ಫಟಿಕ ಕಂಪನಗಳಿಗೂ ಕಾಂತೀಯತೆಗೂ ಇರುವ ನಂಟನ್ನು ಲೆಕ್ಕಾಚಾರದಿಂದ ವಿವರಿಸಿತು. ಅದೇ ವಸ್ತುವಿನ ಭಾಗಶಃ ಕ್ರಮ ಕೆಟ್ಟ ಮಾದರಿಗಳಲ್ಲಿ ಕಾಂತಕ್ಷೇತ್ರಕ್ಕೆ ಡೈಎಲೆಕ್ಟ್ರಿಕ್ ಗುಣ ಬಹಳವಾಗಿ ಸ್ಪಂದಿಸುವುದನ್ನು ಸರ್ಮಾ ಅವರ ಗುಂಪು 2012ರಲ್ಲಿ ವರದಿ ಮಾಡಿತು.